ದೊರೆಯ ನೀಲಿ ಫೈಲು

೧೪ ನವೆಂಬರ್, ಭಾನುವಾರ

ರೀ,

ಏನಂತ ಕರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ನಿಮ್ಮನ್ನು ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ‘ಶ್ರೀಯುತರಿಗೆ’ ಎಂದು ಶುರು ಮಾಡಿದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಚೇರಿಗೆ ಬರೆದ ದೂರಿನ ಹಾಗೆ ಕಾಣಿಸಿತು. ಜೊತೆಗಿದ್ದ ಹನ್ನೊಂದು ವರ್ಷ ಕರೆದದ್ದು ಹೀಗೇ ತಾನೆ, ಇದೊಂದು ಕಾಗದಕ್ಕೂ ಅದೇ ಇರಲಿ.

ನೀವು ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನಾನೇನೂ ಮಾಡಲಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕನ್ನಡಕದ ಅಂಗಡಿ, ಬಂದ ಮೇಲೆ ದೊರೆಯ ಸೇವೆ. ನಿಮ್ಮ ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದವಳು ನಾನೇ, ಹಾಗಾಗಿ ಕೂತು ಬರೆಯುವ ಶಿಕ್ಷೆಯೂ ನನಗೇ. ಈ ಕಾಗದವನ್ನು ನಿಮ್ಮ ಮನೆಗೆ ಕಳಿಸುತ್ತಿಲ್ಲ. ನೀವು ಕೆಲಸ ಮಾಡುವ ಆಸ್ಪತ್ರೆಯ ದಾಖಲೆ ಕೋಣೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಯಾಕೆಂದು ಕೊನೆಯವರೆಗೆ ಓದಿದರೆ ತಿಳಿಯುತ್ತದೆ.

ಮೊದಲು ದೊರೆಯ ವಿಷಯ. ಮೂರು ವಾರದಿಂದ ಅವನು ಸರಿಯಾಗಿ ತಿಂದಿಲ್ಲ. ಹದಿಮೂರು ವರ್ಷದ ನಾಯಿ, ವಯಸ್ಸಾಯಿತು, ಹಾಗೇ ಇರುತ್ತದೆ ಎಂದುಕೊಂಡೆ. ಆಮೇಲೆ ಒಂದು ದಿನ ಹೊಟ್ಟೆ ಸವರುವಾಗ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನಮ್ಮ ಬೀದಿಯ ತುದಿಯ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರು, ಆದರೆ ಬಾಯಲ್ಲಿ ಸುಳ್ಳಿಲ್ಲ. ಎರಡು ಸಲ ರಕ್ತ ತೆಗೆದರು, ಒಂದು ಎಕ್ಸ್‌ರೇ, ಒಂದು ಸ್ಕ್ಯಾನ್. ಹೊಟ್ಟೆಯೊಳಗೆ ನನ್ನ ಮುಷ್ಟಿಯಷ್ಟು ಗಡ್ಡೆ ಇದೆಯಂತೆ. ಇನ್ನು ಉಳಿದದ್ದು ಬಯಾಪ್ಸಿ. ಅರಿವಳಿಕೆ ಕೊಟ್ಟು, ಸೂಜಿಯಿಂದ ಚೂರು ತೆಗೆದು, ಬೇರೆ ಊರಿನ ಲ್ಯಾಬಿಗೆ ಕಳಿಸಿ, ಹತ್ತು ದಿನ ಕಾಯಬೇಕು.

ವಿಷಯ ನಿಮಗೂ ತಿಳಿಯಬೇಕಾದ್ದು ನ್ಯಾಯವೆಂದು ಕೆಳಗಿನ ಮನೆಯ ಅಜ್ಜಿಯ ಬಾಯಲ್ಲಿ ಹೇಳಿ ಕಳಿಸಿದೆ. ಅದೇ ತಪ್ಪಾಯಿತು. ತಕ್ಷಣ ನಿಮ್ಮ ಕಾಗದ ಬಂತು: ‘ದೊರೆ ನನ್ನವನೂ ಹೌದು. ಏನೆಂದು ಪೂರ್ತಿ ತಿಳಿಯದೆ ಬಿಡಬಾರದು. ಇನ್ನೊಂದೇ ಟೆಸ್ಟ್, ಮಾಡಿಸಿಬಿಡು.’ ಓದಿ ನಗು ಬಂತು ರೀ. ನಿಮ್ಮ ಕೈಬರಹ ಬದಲಾಗಿದೆ, ಮಾತು ಬದಲಾಗಿಲ್ಲ. ‘ಇನ್ನೊಂದೇ ಟೆಸ್ಟ್’ ಎನ್ನುವ ಮಾತನ್ನು, ಮಗುವಿಗಾಗಿ ಆಸ್ಪತ್ರೆ ಅಲೆದ ಆರು ವರ್ಷವೂ ಕೇಳಿದವಳು ನಾನು.

ನಾಯಿಗೆ ಟೆಸ್ಟ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ, ನೀವು ಎದುರಿಗಿರಲಿಲ್ಲ. ಹಿಂದಿನ ದಿನವೇ ತಟ್ಟೆ ಎತ್ತಿಡಬೇಕು. ಅವನು ತಟ್ಟೆ ಇರುತ್ತಿದ್ದ ಜಾಗವನ್ನು ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ, ತಾನೇನು ತಪ್ಪು ಮಾಡಿದೆ ಎನ್ನುವ ಹಾಗೆ ಬಾಲ ಒಂದೇ ಸಲ ಆಡಿಸಿ ನಿಲ್ಲಿಸುತ್ತಾನೆ. ಅವನ ಎದುರು ತಿನ್ನಲಾಗದೆ ನಾನೂ ಉಪವಾಸ. ಬೆಳಿಗ್ಗೆ ಹಗ್ಗ ಕೈಗೆ ತೆಗೆದುಕೊಂಡರೆ ಬಟ್ಟೆ ಒಗೆಯುವ ಮಷಿನ್ನಿನ ಹಿಂದೆ ಹೋಗಿ ತೂರಿಕೊಳ್ಳುತ್ತಾನೆ. ಅಲ್ಲಿಂದ ಎಳೆಯುವವಳೂ ನಾನೇ. ಅಲ್ಲಿ ಸ್ಟೀಲಿನ ಮೇಜು, ಉಗುರು ನಿಲ್ಲುವುದಿಲ್ಲ, ಜಾರುತ್ತದೆ. ಮುಂಗಾಲಿನ ಮೇಲೆ ಚೌಕವಾಗಿ ಕೂದಲು ಬೋಳಿಸಿದ್ದಾರೆ. ಸೂಜಿ ಹಾಕುವಾಗ ಕತ್ತು ಹಿಡಿದುಕೊಂಡು ‘ಆಯ್ತು, ಆಯ್ತು ಮರಿ, ಇಷ್ಟೇ’ ಎನ್ನುತ್ತೇನೆ. ಹಾಗೆ ಎನ್ನುವಾಗಲೆಲ್ಲ ನನಗೆ ನನ್ನ ನರ್ಸುಗಳ ದನಿ ಕೇಳಿಸುತ್ತದೆ. ಅವರೂ ಹಾಗೇ ಅನ್ನುತ್ತಿದ್ದರು, ಆದರೆ ಯಾವತ್ತೂ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ನೆನಪಿದೆಯೇ? ನೀವು ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದಿರಿ. ನಾನು ಗೋಡೆ ಹಿಡಿದುಕೊಂಡು ಆಚೆ ಬಂದರೆ ಬಿಸ್ಕತ್ತಿನ ಪ್ಯಾಕೆಟ್ ಒಡೆದು ಕೈಗಿಡುತ್ತಿದ್ದಿರಿ. ಒಳ್ಳೆಯ ಗಂಡ ಎಂದು ಆಯಾ ಕೂಡ ಹೊಗಳುತ್ತಿದ್ದಳು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದರೆ ನಿಮ್ಮ ತಾಯಿ ಬಂದು ಹೋದವರ ಮುಂದೆಲ್ಲ, ‘ನಮ್ಮ ಹುಡುಗನದೇನೂ ತೊಂದ್ರೆ ಇಲ್ಲಮ್ಮ, ಎಲ್ಲಾ ಇವಳದೇ,’ ಎನ್ನುವರು. ನೀವು ಆಗಲೂ ಪೇಪರನ್ನೇ ಓದುತ್ತಿದ್ದಿರಿ. ಮನುಷ್ಯನಿಗೆ ಅಷ್ಟೊಂದು ಸುದ್ದಿ ಯಾಕೆ ಬೇಕಾಗುತ್ತದೋ.

ಹೋದ ಭಾನುವಾರ ನಿಮ್ಮ ಮನೆಯವಳು ಬಂದಿದ್ದಳು. ನೀವೇ ಕಳಿಸಿದ್ದು. ನೀವು ಬರಲಿಲ್ಲ, ಹೆಂಡತಿಯ ಕೈಯಲ್ಲಿ ನಾಯಿ ಬಿಸ್ಕತ್ತು ಕೊಟ್ಟು ಕಳಿಸಿದಿರಿ. ಅವಳು ಬಾಗಿಲಲ್ಲೇ ನಿಂತು, “ಅಕ್ಕಾ, ನಿಮ್ಮನ್ನ ಒಪ್ಪಿಸಿ ಬಾ ಅಂತ ಕಳಿಸಿದಾರೆ. ನಂಗೆ ಒಪ್ಸೋಕೆಲ್ಲ ಬರಲ್ಲ. ಸುಮ್ನೆ ಅವನನ್ನ ನೋಡ್ಕೊಂಡು ಹೋಗ್ತೀನಿ,” ಅಂದಳು. ನಾಲ್ಕು ಕಹಿ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಳಗೆ ಬಾ ಅಂದೆ.

ನೆಲದ ಮೇಲೆ ಕೂತು ದೊರೆಯ ಬೋಳು ಕಾಲನ್ನು ಸವರುತ್ತಿದ್ದಳು. ತೋಳು ಸರಿದಾಗ ನೋಡಿದೆ. ಮೊಣಕೈ ಒಳಗೆ ನೀಲಿ ಕಟ್ಟಿತ್ತು. ಅದು ಯಾತರ ನೀಲಿ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

“ಎಷ್ಟಾಯ್ತು ಇಲ್ಲೀವರೆಗೆ?” ಎಂದೆ.

“ಎಣಿಸೋದು ಬಿಟ್ಬಿಟ್ಟಿದೀನಿ ಅಕ್ಕ. ಇಪ್ಪತ್ತೆರಡಕ್ಕೆ, ಸೋಮವಾರ, ಇನ್ನೊಂದಿದೆ. ಮತ್ತಿನ ಸೂಜಿ ಕೊಟ್ಟು ಏನೋ ನೋಡ್ತಾರಂತೆ. ಹಿಂದಿನ ದಿನದಿಂದ ಏನೂ ತಿನ್ನಬಾರದು.”

“ಅವರು ಮಾಡಿಸ್ಕೊಂಡ್ರಾ?”

“ಅವರದೆಲ್ಲ ಸರಿಯಿದೆಯಂತೆ. ನಿಮ್ಮ ಕಾಲದಲ್ಲೇ ಮಾಡಿಸಿದ್ರಂತಲ್ಲ ಅಕ್ಕ?” ಅಂದಳು. ಕೇಳಿದ್ದೂ ಅಲ್ಲ, ಹೇಳಿದ್ದೂ ಅಲ್ಲ, ಆ ರೀತಿ.

“ಹೌದಮ್ಮ, ಸರಿಯಿದೆ ಅಂತಲೇ ಹೇಳಿದ್ರು,” ಅಂದೆ. ಅವಳಿಗೆ ಟೀ ಮಾಡಿಕೊಟ್ಟೆ. ಹೋಗುವಾಗ, “ಇಪ್ಪತ್ತನೇ ತಾರೀಕು, ಶನಿವಾರ, ಮತ್ತೆ ಬರ್ತೀನಿ. ಅವನ ಜೊತೆ ಕೂತ್ರೆ ಸಮಾಧಾನ ಆಗತ್ತೆ,” ಅಂದಳು. ದೊರೆ ಬಾಗಿಲವರೆಗೆ ಅವಳ ಹಿಂದೆ ನಡೆದು ಹೋದ. ಮೂರು ವಾರದಲ್ಲಿ ಅವನು ಯಾರ ಹಿಂದೆಯೂ ಅಷ್ಟು ದೂರ ನಡೆದಿರಲಿಲ್ಲ. ಒಳ್ಳೆಯ ಹುಡುಗಿ ರೀ. ಅದೇ ನನಗೆ ಸಂಕಟ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಂಗಳವಾರ ನಿಮ್ಮ ಎರಡನೇ ಕಾಗದ ಬಂತು. ಅರಿವಳಿಕೆ ಕೊಡುವ ಮೊದಲು ದೊರೆಯ ಹಳೇ ಚೀಟಿಗಳನ್ನು ನೋಡಬೇಕೆಂದು ಡಾಕ್ಟರು ಕೇಳಿದ್ದನ್ನು ನಿಮ್ಮ ಮನೆಯವಳಿಗೆ ಹೇಳಿ ಕಳಿಸಿದ್ದೆನಲ್ಲ, ಅದಕ್ಕೆ ನೀವು ಬರೆದಿರಿ: ‘ಅವನ ನೀಲಿ ಫೈಲು ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಎಲ್ಲ ತಾರೀಕಿನ ಪ್ರಕಾರ ಜೋಡಿಸಿದ್ದೇನೆ. ನೀನು ಬಿಚ್ಚಿ ಕೆದಕಿ ಹಿಂದೆ ಮುಂದೆ ಮಾಡಬೇಡ, ಹಾಗೇ ಒಯ್ದು ಡಾಕ್ಟರ ಕೈಗೆ ಕೊಡು.’ ಅಪ್ಪಣೆ! ಮನೆ ಬಿಟ್ಟು ನಾಲ್ಕು ವರ್ಷವಾದರೂ ಟ್ರಂಕಿನ ಮೇಲೆ ಅಧಿಕಾರ ನಿಮ್ಮದೇ. ಕಾಗದ ಎಂದರೆ ನಿಮಗೆ ಜೀವ. ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಚೀಟಿಯನ್ನೂ ಎಸೆಯಲು ಬಿಟ್ಟವರಲ್ಲ. ‘ಕಾಗದ ಹರಿಯೋಕೆ ನನ್ನ ಕೈ ಬರಲ್ಲ ಕಣೇ’ ಎನ್ನುತ್ತಿದ್ದಿರಿ. ನಾನು ಆ ಫೈಲನ್ನು ಒಂದು ದಿನವೂ ಮುಟ್ಟಿದವಳಲ್ಲ. ನಾಯಿಯ ಸೂಜಿ ಔಷಧಿಯೆಲ್ಲ ನಿಮ್ಮ ಪಾಲು, ನನಗೆ ನನ್ನ ಸೂಜಿಗಳೇ ಸಾಕಾಗಿದ್ದವು. ಸ್ಟೂಲ್ ಹಾಕಿಕೊಂಡು ಹತ್ತಿ, ಸೀನುತ್ತಾ ಇಳಿಸಿದೆ. ಅದರ ವಿಷಯ ಕೊನೆಗೆ ಬರೆಯುತ್ತೇನೆ.

ಗುರುವಾರ ಡಾಕ್ಟರ ಹತ್ತಿರ ಹೋದೆ. ಅವನು ನಾಲ್ಕು ವರ್ಷದವನಿದ್ದಾಗ ನಿಮ್ಮ ಕಾಲುಚೀಲ ನುಂಗಿ ಆಪರೇಷನ್ ಆಗಿತ್ತಲ್ಲ, ಆ ಚೀಟಿ ಕೊಟ್ಟೆ. ಆಗ ಎಚ್ಚರವಾಗಲು ಇಡೀ ದಿನ ಹಿಡಿದಿತ್ತೆಂದು ಅದರಲ್ಲಿ ಬರೆದಿತ್ತು. ಡಾಕ್ಟರು ಎರಡು ಸಲ ಓದಿದರು.

ನಾನು ನೇರವಾಗಿ ಕೇಳಿದೆ. “ನೋಡಿ ಡಾಕ್ಟ್ರೇ, ನಾನು ಕನ್ನಡಕದ ಅಂಗಡಿಯವಳು. ದಿನಕ್ಕೆ ಮೂವತ್ತು ಜನರ ಕಣ್ಣು ನೋಡ್ತೀನಿ. ಇದು ಕಾಣ್ಸತ್ತಾ, ಅದು ಕಾಣ್ಸತ್ತಾ ಅಂತ ಕೇಳಿ ಕೊನೆಗೆ ಅವರಿಗೊಂದು ಕನ್ನಡಕ ಕೊಡ್ತೀನಿ. ಈ ಟೆಸ್ಟ್ ಆದ್ಮೇಲೆ ನೀವು ನನ್ನ ನಾಯಿಗೆ ಏನು ಕೊಡ್ತೀರಿ?”

ಅವರು ಪೆನ್ನು ಕೆಳಗಿಟ್ಟರು. “ಕಾಯಿಲೆಗೆ ಒಂದು ಹೆಸರು ಕೊಡ್ಬಹುದಮ್ಮ. ಈ ವಯಸ್ಸಿಗೆ ಇಷ್ಟು ದೊಡ್ಡ ಗಡ್ಡೆಗೆ ಔಷಧಿ ಬದಲಾಗೋದು ಅನುಮಾನ. ನೋವು ಕಡಿಮೆ ಮಾಡೋ ಮಾತ್ರೆ ಹೇಗಿದ್ರೂ ಇವತ್ತೇ ಶುರು ಮಾಡ್ಬಹುದು.”

“ಹಾಗಾದ್ರೆ ಹೆಸರು ಯಾರಿಗೆ ಬೇಕು?”

“ಒಬ್ಬೊಬ್ಬರಿಗೆ ಬೇಕಾಗತ್ತೆ. ಎಲ್ಲಾ ಮಾಡಿದ್ವಿ ಅನ್ನೋ ಸಮಾಧಾನಕ್ಕೆ,” ಅಂದರು ಪಾಪ, ಮೆಲ್ಲಗೆ.

ನಿಮ್ಮ ಸಮಾಧಾನಕ್ಕೆ ಅವನನ್ನು ಇನ್ನೊಂದು ಸಲ ಮಷಿನ್ನಿನ ಹಿಂದಿನಿಂದ ಎಳೆಯಲಾರೆ. ಬೇಡ ಅಂದೆ. ಬೇಡ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದೆ. ಎರಡನೇ ಸಲ ಯೋಚಿಸಲಿಲ್ಲ. ಆಚೆ ಬಂದು ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತೆ, ಅದು ಬೇರೆ ಮಾತು. ದೊರೆ ನನ್ನ ಚಪ್ಪಲಿಯ ಮೇಲೆ ಗಲ್ಲ ಇಟ್ಟುಕೊಂಡು ಮುಗಿಯಲಿ ಎಂದು ಕಾದ.

ಈಗ ಮಾತ್ರೆ ಕೊಡುತ್ತಿದ್ದೇನೆ. ನೋವು ಇಳಿದಿದೆ. ಬೇಯಿಸಿದ ಮೊಟ್ಟೆ ಕಿವುಚಿ ಕೊಟ್ಟರೆ ನೆಕ್ಕುತ್ತಾನೆ. ಬಿಸಿಲು ಬಂದ ಕಡೆಗೆ ಚಾಪೆ ಎಳೆಯುತ್ತೇನೆ, ಅವನು ಹಿಂದೆ ಬರುತ್ತಾನೆ. ಎಷ್ಟು ದಿನವೋ ಗೊತ್ತಿಲ್ಲ. ತೀರಾ ಕಷ್ಟವಾದ ದಿನ ಮನೆಗೇ ಬಂದು ಸೂಜಿ ಕೊಟ್ಟು ಕೊನೆಯ ನಿದ್ದೆಗೆ ಮಲಗಿಸುತ್ತೇನೆಂದು ಡಾಕ್ಟರು ಮಾತು ಕೊಟ್ಟಿದ್ದಾರೆ. ಅವತ್ತು ನಿಮಗೆ ಹೇಳಿ ಕಳಿಸುತ್ತೇನೆ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಬಂದರೆ ಪೇಪರ್ ತರಬೇಡಿ.

ನಿಮ್ಮ ತಾಯಿಗೆ ಮಂಡಿನೋವು ಹೆಚ್ಚಾಗಿದೆಯೆಂದು ಕೇಳಿದೆ. ಅವರಿಗೆ ನಮಸ್ಕಾರ ತಿಳಿಸಿ, ಬೇಗ ಗುಣವಾಗಲಿ. ನಿಮ್ಮ ಮನೆಯವಳು ನೂರು ಕಾಲ ಚೆನ್ನಾಗಿರಲಿ, ಇದು ಮನಸ್ಸಿನಿಂದ ಬಂದ ಮಾತು. ನಿಮ್ಮನ್ನು ಏನೆಂದು ಹರಸಲಿ? ಎದ್ದಾಗಲೆಲ್ಲ ಬಾಲ ಆಡಿಸಿಕೊಂಡು ಬರುವ ಒಂದು ಜೀವ ನಿಮ್ಮ ಮನೆಯಲ್ಲೂ ಇರಲಿ. ನಿಮ್ಮ ಮುಖ ನೋಡಿ ಅದಕ್ಕೆ ಏನೂ ತಿಳಿಯದಿರಲಿ.

ಇಂತಿ,
ದೊರೆಯ ಅಮ್ಮ

ತಾ.ಕ. ನೀವು ಹೇಳಿದ ಹಾಗೆ ನೀಲಿ ಫೈಲನ್ನು ಹಿಂದೆ ಮುಂದೆ ಮಾಡಲಿಲ್ಲ. ಮೊದಲ ಹಾಳೆಯಿಂದಲೇ ಓದಿದೆ. ಎರಡನೆಯ ಹಾಳೆ ದೊರೆಯ ಮೊದಲ ಚುಚ್ಚುಮದ್ದಿನ ಚೀಟಿ, ಮಾರ್ಚ್ ಒಂಬತ್ತು. ಅದಕ್ಕೂ ಮೊದಲಿನದು, ಆ ಮೊದಲ ಹಾಳೆ, ನಾಲ್ಕಾಗಿ ಮಡಚಿದ್ದು, ಮಾರ್ಚ್ ಐದು. ಅದು ನಾಯಿಯದ್ದಲ್ಲ. ಅದರ ಮೇಲೆ ನಿಮ್ಮ ಹೆಸರಿದೆ, ನಿಮ್ಮ ವಯಸ್ಸಿದೆ, ವೀರ್ಯ ಪರೀಕ್ಷೆ ಎಂದಿದೆ, ಸಂಖ್ಯೆಯ ಜಾಗದಲ್ಲಿ ಸೊನ್ನೆ ಇದೆ. ಹರಿಯಲು ಕೈ ಬಂದಿರಲಿಕ್ಕಿಲ್ಲ. ನಾನು ಮುಟ್ಟದ ಫೈಲೆಂದರೆ ಇಡೀ ಮನೆಯಲ್ಲಿ ಅದೊಂದೇ ಇತ್ತು.

ನಾನು ಮೊದಲ ಸಲ ಟೆಸ್ಟಿಗೆಂದು ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದು ಅದೇ ವರ್ಷದ ಜೂನ್‌ನಲ್ಲಿ. ಅಂದರೆ ನಿಮಗೆ ಗೊತ್ತಿತ್ತು. ಆರು ವರ್ಷವೂ ಗೊತ್ತಿತ್ತು. ಬಿಸ್ಕತ್ತಿನ ಪ್ಯಾಕೆಟ್ ಒಡೆಯುವಾಗಲೂ ಗೊತ್ತಿತ್ತು. ಆ ಮಾರ್ಚ್‌ನಲ್ಲಿ ಮರಿಯನ್ನು ಚೀಲದಿಂದ ಇಳಿಸಿ, ‘ಹೋಗು, ಅಮ್ಮನ ಹತ್ರ ಹೋಗು’ ಎಂದು ನನ್ನ ಕಡೆಗೆ ತಳ್ಳಿದಿರಲ್ಲ, ಎಷ್ಟು ಖುಷಿಪಟ್ಟಿದ್ದೆ ನಾನು! ಚೀಟಿಯ ಕೆಳಗೆ ಡಾಕ್ಟರು ಬರೆದಿದ್ದಾರೆ: ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಇಡೀ ಫೈಲು ತಿರುವಿದೆ. ಆ ಇನ್ನೊಂದು ಟೆಸ್ಟಿನ ಚೀಟಿ ಎಲ್ಲಿಯೂ ಇಲ್ಲ. ನೀವು ಇಟ್ಟಿಲ್ಲವೆಂದರೆ ಮಾಡಿಸಿಲ್ಲವೆಂದೇ ಅರ್ಥ.

ಶನಿವಾರ ಬೆಳಿಗ್ಗೆ ಅವಳು ದೊರೆಯನ್ನು ನೋಡಲು ಬರುತ್ತಾಳೆ. ಅಷ್ಟರೊಳಗೆ ನೀವೇ ಹೇಳಿ. ಹೇಳದಿದ್ದರೆ ಮೊದಲ ಹಾಳೆಯನ್ನು ನಾನು ಅವಳ ಕೈಗೆ ಕೊಡುತ್ತೇನೆ. ಸೋಮವಾರ ಬೆಳಿಗ್ಗೆ ಅವಳಿಗೆ ಹೊಟ್ಟೆ ತುಂಬ ತಿಂಡಿ ತಿನ್ನಲು ಹೇಳಿ.