ಅರ್ಧ ತಿಕ್ಕಿದ ದೀಪ

ಪ್ರತಿಭಾ,

ಸೊಸೆಗೆ ಕಾಗದ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಅದಕ್ಕೆ ಲಾಯಕ್ಕಾಗಬೇಕು. ಯಲ್ಲಾಪುರದ ಸಂತೆ ಮುಗಿಸಿ, ಉಳಿದ ಮೆಣಸಿನಕಾಯಿ ಚೀಲ ಹಿಂದಿನ ಸೀಟಿಗೆ ಹಾಕಿ, ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಸ್ಟೇರಿಂಗಿಗೆ ಒಂದು ರಟ್ಟು ಒತ್ತಿ ಇಟ್ಟುಕೊಂಡಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ಕೋಳಿ ಕೆದರಿದ ಹಾಗಿದೆ. ತಿಳಿಯಲಿಲ್ಲ ಅಂತ ನಿನ್ನ ಅಣ್ಣ ಪವನ್‌ಗೆ ಓದಲು ಕೊಡಬೇಡ. ತಡವರಿಸಿದರೂ ನೀನೇ ಓದು. ಇದು ನಿನಗೆ ಬರೆದದ್ದು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಮಾತು ಶುರುವಾಗುವ ಮೊದಲೇ ನನ್ನ ದನಿ ಏರುತ್ತದೆ, ನಿನಗೆ ಗೊತ್ತಲ್ಲ. ಕಾಗದದಲ್ಲಿ ಚೀರಾಡಲು ಬರುವುದಿಲ್ಲ.

ಪಂಚಮಿಗೆಂದು ತವರಿಗೆ, ನಂದೊಳ್ಳಿಗೆ ಹೋದವಳು ನೀನು. ಉಂಡಿ ತಿಂದು, ಜೋಕಾಲಿ ಜೀಕಿ ಬೇಗ ಬರುತ್ತಾಳೆ ಅಂತ ನಿನ್ನ ಅತ್ತೆ ಗುರುಶಾಂತವ್ವ ದಾರಿ ನೋಡಿದಳು. ಈಗ ಚೌತಿ ಬಂತು. ಇಸಳೂರಿನ ನಮ್ಮ ಓಣಿಯವರು ಕೇಳಿದರೆ "ಅವರವ್ವಗ ಆರಾಮಿಲ್ಲ" ಅಂತ ಸುಳ್ಳು ಹೇಳುತ್ತಾಳೆ. ನನ್ನ ಮುಂದೆ ತಾಟು ದೂಡಿ ಒಳಗೆ ಹೋಗುತ್ತಾಳೆ, ಒಂದು ಮಾತಿಲ್ಲ. ಶರಣನಿಗೆ "ಹೆಂಡತೀನ ಕರಕೊಂಡು ಬಾರೋ" ಅಂದೆ. ನಿನ್ನ ಗಂಡ ಯಾವತ್ತೂ ನನಗೆ ಎದುರು ಆಡಿದವನಲ್ಲ. ಅವತ್ತು ತಲೆ ಎತ್ತಿ, "ನಾ ಹೋಗಂಗಿಲ್ಲಪ್ಪಾ. ಅಂದವರು ನೀವು. ನೀವ ಹೋಗ್ರಿ" ಅಂದ. ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ನನ್ನ ಬಾಯಲ್ಲಿ ಬೈಗುಳ ಬಾರದೇ ಹೋದದ್ದು ಅವತ್ತೇ ಮೊದಲು.

ನಡೆದದ್ದೆಲ್ಲ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ. ಊರಿಗೆಲ್ಲ ಬೇರೆಯೇ ಕತೆ ಹೇಳಿದ್ದೇನೆ, ಒಮ್ಮೆಯಾದರೂ ಇದ್ದದ್ದು ಇದ್ದ ಹಾಗೆ ನನ್ನ ಕೈಯಿಂದ ಬರಬೇಕು.

ಮಳೆಗಾಲ ಹಿಡಿದ ಹೊಸತು. ನಿನ್ನ ಅವ್ವನನ್ನು ನೋಡಿ ಬರುತ್ತೇನೆ ಅಂತ ಯಲ್ಲಾಪುರದ ಸಂತೆಗೆ ಹೊರಟ ನನ್ನ ಜೊತೆ ನೀನೂ ಮುಂಜಾನೆ ಕಾರು ಹತ್ತಿದ್ದೆ. ಮೆಣಸಿನಕಾಯಿ ಘಾಟಿಗೆ ಸೀನುತ್ತ, ನಗುತ್ತ ಕೂತಿದ್ದೆ. ಮಂಚೀಕೇರಿ ದಾಟಿದ ಮೇಲೆ ಮಂಜು. ದೀಪ ಹಾಕಿಯೇ ಇದ್ದೆ, ಆದರೆ ಹಳದಿಗಟ್ಟಿದ ಅದರ ಪ್ಲಾಸ್ಟಿಕ್ ಮುಚ್ಚಳದಿಂದ ಬೆಳಕು ಹೊರಗೇ ಬರುತ್ತಿರಲಿಲ್ಲ. ದೊಡ್ಡ ಬಲ್ಬು ಹಾಕಿಸಿದ್ದೆ, ಅದರ ಬಿಸಿಗೆ ಇನ್ನಷ್ಟು ಮಸುಕಾಗಿತ್ತು, ಅಷ್ಟೇ. ಸೊಪ್ಪಿನ ಹೊರೆ ಹೊತ್ತ ಆ ಹೆಂಗಸು ಕಂಡದ್ದು ಕಾರು ಮೈಮೇಲೆ ಹೋಗುವುದರಲ್ಲಿದ್ದಾಗ. ಬ್ರೇಕ್ ಹಾಕಿದೆ, ಕಾರು ಜಾರಿ ಚರಂಡಿಗೆ ಮೂತಿ ಇಟ್ಟಿತು. ಹೊರೆ ಬಿತ್ತು, ಅವಳು ಬೀಳಲಿಲ್ಲ. "ಕಣ್ಣು ಮನೇಲಿಟ್ಟು ಬಂದ್ಯನಾ ಮುದುಕಾ? ದೀಪ ಹಾಕೂಕೆ ಏನಾಗಿತ್ತು?" ಅಂತ ಕೂಗಿದಳು. ನೀನು ಇಳಿದು ಹೋಗಿ ಅವಳ ಕೈ ಹಿಡಿದೆ, ಸೊಪ್ಪು ಒಟ್ಟುಮಾಡಿ ಹೊರೆ ಎತ್ತಿ ತಲೆಗಿಟ್ಟೆ, ತಪ್ಪಾಯ್ತು ಅಂದೆ. ನನ್ನ ತಪ್ಪಿಗೆ ನೀನು. ನಾನು ಇಳಿಯಲಿಲ್ಲ. ಸಿಟ್ಟಿನಿಂದ ಇಳಿಯಲಿಲ್ಲ ಅಂತ ನೀನು ತಿಳಿದಿರಬಹುದು. ಅಲ್ಲ ತಂಗಿ, ಹೆದರಿದ್ದೆ.

"ಮನ್ಯಾಗ ಹೇಳಬ್ಯಾಡ" ಅಂದೆ.

"ಹೇಳಂಗಿಲ್ಲ ಮಾವಾರ. ಆದ್ರ ದೀಪ ಭಾಳ ಮಸುಕಾಗ್ಯಾವ. ಒಂದಿನ ನಾ ಸ್ವಚ್ಛ ಮಾಡ್ತೀನಿ, ಅಣ್ಣನ ಟೆಂಪೋದ್ದು ಮಾಡೀನಿ" ಅಂದೆ ನೀನು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೆಣ್ಣುಮಕ್ಕಳು ಕಾರು ಮುಟ್ಟುವುದು ನನಗೆ ಸೇರುವುದಿಲ್ಲ. ನಿನ್ನ ಹತ್ತಿರ ಲೈಸೆನ್ಸ್ ಇದೆ ಅಂತ ಗೊತ್ತಿದ್ದೂ ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಕೀಲಿ ಕೊಟ್ಟವನಲ್ಲ.

ಕೆಲವು ದಿನ ಕಳೆದು ಒಂದು ಮುಂಜಾನೆ ನಾನು ಚಾ ಕುಡಿದು ಹೊರಗೆ ಬಂದಾಗ ನೀನು ಬಲಗಡೆ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಸುತ್ತ ಟೇಪು ಅಂಟಿಸಿದ್ದೆ, ಪಕ್ಕದಲ್ಲಿ ಸಾಬೂನು ನೀರಿನ ಬಕೀಟು, ಕೈಯಲ್ಲಿ ಮರಳು ಕಾಗದ. ಕಟ್ಟಿಗೆ ತಿಕ್ಕುವ ಕಾಗದ ಅದು! ದೀಪ ನೋಡಿದೆ. ಹಳದಿ ಹೋಗಿತ್ತು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಮೊದಲು ಮಸುಕಾದರೂ ಕಾಣುತ್ತಿದ್ದ ಬಲ್ಬು ಈಗ ಕಾಣುತ್ತಲೇ ಇರಲಿಲ್ಲ. ಹಾಳು ಮಾಡಿಬಿಟ್ಟಳು ಅಂದುಕೊಂಡೆ. ನೀನು ತಲೆ ಎತ್ತಿ, "ಇನ್ನಾ ಅರ್ಧ ಕೆಲಸ ಆಗೇತ್ರಿ ಮಾವಾರ. ತಡೀರಿ, ನೀರು ಹಾಕ್ತೀನಿ, ನೋಡ್ರಿ" ಅಂತ ಚಂಬಿಗೆ ಕೈ ಚಾಚಿದೆ.

ನಾನು ಬಕೀಟನ್ನು ಒದ್ದು ಉರುಳಿಸಿದೆ. ಒದ್ದು ಅಂದೆ, "ನಿಮ್ಮಪ್ಪನ ಮನೀಂದ ತಂದ ಕಾರೇನ ಇದು, ಹಿಂಗ ತಿಕ್ಕಾಕ ಹತ್ತೀಯಲ್ಲ?"

ಎದುರುಮನೆ ಕಲ್ಲಯ್ಯ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಕಾಂಪೌಂಡಿನ ಆಚೆ ನಿಂತಿದ್ದ. ಬಸ್ಸಿಗೆ ಹೊರಟಿದ್ದ ಹೆಣ್ಣುಮಕ್ಕಳು ನಿಂತು ನೋಡಿದರು. ಅವರೆಲ್ಲರ ಎದುರು ನೀನು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. "ಸೊಪ್ಪಿನ ಹೊರೆಯಾಕಿನ್ನ ಕೇಳ್ರಿ, ಯಾಕ ತಿಕ್ಕಾಕ ಹತ್ತೀನಿ ಅಂತ" ಅಂದಿದ್ದರೆ ನಾನು ಅಲ್ಲೇ ಮಣ್ಣಾಗುತ್ತಿದ್ದೆ. ನೀನು ಅನ್ನಲಿಲ್ಲ. ಬಣ್ಣ ಕಿತ್ತು ಬರಬಾರದು ಅಂತ ಟೇಪು ಮೆಲ್ಲಗೆ ಬಿಡಿಸಿದೆ. ಸಾಮಾನೆಲ್ಲ ಚೀಲಕ್ಕೆ ಹಾಕಿ, ಬಕೀಟು ಎತ್ತಿ ನೆಟ್ಟಗಿಟ್ಟು, ಕೈ ತೊಳೆದು ಒಳಗೆ ಹೋದೆ. ಸಂಜೆ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದೆ. ನಾನು ತಿಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮನೆಯ ಮಾತು ಮನೆಯಲ್ಲಿ ಉಳಿಯುತ್ತಿತ್ತು. ಶಿರಸಿಯ ಸಂತೆಯಲ್ಲಿ ಯಾರೋ "ಏನ್ರಿ, ಕಾರಿಗೆ ಒಂದ ಕಣ್ಣು ಬೆಳ್ಳಗಾಗೇತಿ?" ಅಂದರು. "ನಮ್ಮ ಸೊಸಿ ರೊಟ್ಟಿ ಹಂಚು ಅಂತ ತಿಳಿದು ತಿಕ್ಕ್ಯಾಳ" ಅಂದೆ. ನಕ್ಕರು. ನಕ್ಕದ್ದು ಹಿತವಾಯಿತು, ಸಿದ್ದಾಪುರದಲ್ಲಿ ನಾನಾಗಿಯೇ ಹೇಳಿದೆ. ಯಲ್ಲಾಪುರದ ಚಾದ ಅಂಗಡಿಯಲ್ಲಿ ಇನ್ನೂ ಉಪ್ಪು ಖಾರ ಹಚ್ಚಿದೆ. ಅದೇ ಅಂಗಡಿಗೆ ನಿನ್ನ ಅಪ್ಪ ಬರುತ್ತಾರೆ ಅನ್ನುವುದು ನೆನಪಿಗೇ ಬರಲಿಲ್ಲ. ಪಂಚಮಿ ಹಿಂದಿನ ದಿನ ಅಲ್ಲಿಯವರು ಅವರಿಗೆ ನನ್ನ ಮಾತನ್ನೇ ಹೇಳಿ ನಕ್ಕರಂತೆ. ಅವರು ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋದರಂತೆ. ಇದನ್ನೆಲ್ಲ ನನಗೆ ಹೇಳಿದವನು ಶರಣ.

ಆಮೇಲೂ ನನಗೆ ಬುದ್ಧಿ ಬಂತು ಅಂತ ತಿಳಿಯಬೇಡ. ದೀಪದ್ದಲ್ಲ, ನನ್ನ ಕಣ್ಣಿನದೇ ದೋಷ ಇರಬೇಕು, ವಯಸ್ಸಾಯಿತಲ್ಲ ಅಂತ ಒಂದು ನೆಪ ಹುಡುಕಿಕೊಂಡು ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಕಣ್ಣು ಭೇಷ್ ಇದೆ ಯಜಮಾನ್ರೆ" ಅಂದರು. ಬಚ್ಚಿಟ್ಟುಕೊಳ್ಳಲು ಆ ಮೂಲೆಯೂ ಇಲ್ಲದಾಯಿತು.

ಬುದ್ಧಿ ಬಂದದ್ದು ಕಾರು ತೊಳೆಯುವಾಗ. ಬಲಗಡೆ ದೀಪದ ಮೇಲೆ ನೀರು ಎರಚಿದೆ. ಪ್ರತಿಭಾ, ಏನು ಹೇಳಲಿ. ಆ ಬೆಳ್ಳಗಿನ ದೀಪ ನೀರು ಬಿದ್ದ ಕೂಡಲೇ ತಿಳಿಯಾಯಿತು. ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿ ಬಟ್ಟಲು, ಎಲ್ಲ ಕಂಡಿತು. ನೀರು ಆರಿತು, ಮತ್ತೆ ಸುಣ್ಣ. ಮತ್ತೆ ಎರಚಿದೆ, ಮತ್ತೆ ತಿಳಿ. ಎಡಗಡೆ ದೀಪಕ್ಕೆ ಎರಚಿದೆ. ಅದು ನೀರು ಕುಡಿದರೂ ಹಳದಿಯೇ. ಹುಚ್ಚನ ಹಾಗೆ ಚಂಬಿನಿಂದ ಅದಕ್ಕೊಮ್ಮೆ ಇದಕ್ಕೊಮ್ಮೆ ಹಾಕುತ್ತಲೇ ಇದ್ದೆ. ನೀನು ತೋರಿಸಬೇಕೆಂದದ್ದು ಇದನ್ನೇ. ನೀರು ಹಾಕ್ತೀನಿ ನೋಡ್ರಿ ಅಂದಿದ್ದೆ. ಒಂದು ಚಂಬು ನೀರಿನಷ್ಟು ಹೊತ್ತು ನಾನು ತಡೆದಿದ್ದರೆ ಮುಗಿಯುತ್ತಿತ್ತು. ಇಷ್ಟು ದಿನ ಮಳೆಯಲ್ಲೇ ಓಡಿಸಿದ್ದೇನೆ, ಗೊತ್ತಾಗಲಿಲ್ಲ. ಓಡಿಸುವವನು ಒಳಗೆ ಕೂತಿರುತ್ತಾನೆ, ದೀಪದ ಮುಂದೆ ನಿಂತು ನೋಡುವುದಿಲ್ಲ.

ಅವತ್ತು ನಿನ್ನ ಅತ್ತೆಗೆ ಸೊಪ್ಪಿನ ಹೊರೆಯ ಹೆಂಗಸಿನ ವಿಷಯ ಹೇಳಿಬಿಟ್ಟೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. "ಅಕಿ ನಿಮ್ಮ ಮರ್ಯಾದಿ ಮುಚ್ಚಿಟ್ಟಳು. ನೀವು ಅಕಿದು ಸಂತ್ಯಾಗ ಮಾರಿ ಬಂದ್ರಿ" ಅಂದಳು. ಮತ್ತೆ ಮೊರ ಎತ್ತಿಕೊಂಡಳು.

ನಿನ್ನ ಚೀಲ ಬಾಗಿಲ ಹಿಂದಿನ ಮೊಳೆಗೇ ನೇತಾಡುತ್ತಿತ್ತು. ಮರಳು ಕಾಗದಗಳನ್ನು ಬೆರಳಿನಿಂದ ಸವರಿ ನೋಡಿದೆ. ಒಂದಕ್ಕಿಂತ ಒಂದು ನುಣುಪು, ಕೊನೆಯದಂತೂ ರೇಶಿಮೆ. ಮರೆಯಲ್ಲಿ ಮಾಡಲಿಲ್ಲ, ನೀನು ಕೂತಿದ್ದ ಜಾಗದಲ್ಲೇ ಬೆಳಗ್ಗೆ ಎಲ್ಲರಿಗೂ ಕಾಣುವ ಹಾಗೆ ಕೂತೆ. ನೀರು ಹಾಕಿ ತಿಕ್ಕುವುದು, ಒರೆಸುವುದು, ಮತ್ತೆ ನುಣುಪಿನದು. ಮೊಣಕಾಲು ಬಿದ್ದುಹೋಯಿತು. ಕಲ್ಲಯ್ಯ ಬ್ರಶ್ ಹಿಡಿದು ಬಂದ. "ಏನ್ರಿ ಶಂಕ್ರಪ್ಪನವರ, ಸೊಸಿ ಅರ್ಧ ಹಾಳ ಮಾಡಿ ಬಿಟ್ಟಿದ್ದನ್ನ ನೀವು ಪೂರಾ ಮಾಡಾಕ ಹತ್ತೀರೇನು?" ಅಂದ.

"ಸೊಸಿ ಸರಿ ಮಾಡಾಕ ಹತ್ತಿದ್ಳು. ಹಾಳ ಮಾಡಿದಾವ ನಾನು" ಅಂದೆ.

ಅವನು ಬ್ರಶ್ ಕಾಂಪೌಂಡಿನ ಮೇಲಿಟ್ಟ. ಆಮೇಲೆ ಗೇಟು ತೆಗೆದು ಒಳಗೆ ಬಂದು, ಏನೂ ಕೇಳದೆ, ಚಂಬು ಹಿಡಿದು ನಾನು ತಿಕ್ಕುವ ಕಡೆಗೆಲ್ಲ ನೀರು ಬಿಡುತ್ತ ನಿಂತ. ನಿನ್ನ ಚೀಲದಲ್ಲಿದ್ದ ಪಾಲಿಶ್ ಹಚ್ಚಿ ಬಟ್ಟೆಯಿಂದ ಉಜ್ಜಿದಾಗ ದೀಪ ಒಣಗಿದ್ದರೂ ತಿಳಿಯಾಗಿಯೇ ಉಳಿಯಿತು.

ಎಡಗಡೆಯದು ಮುಟ್ಟಲಿಲ್ಲ. ಸಂತೆಯಲ್ಲಿ ತೋರಿಸಲು ಅದು ಹಾಗೇ ಇರಬೇಕಿತ್ತು. ಇದು ನಮ್ಮ ಸೊಸಿ ಹಿಡಿದ ಕೆಲಸ, ಇದು ನನ್ನ ಹಟ ಅಂತ ಶಿರಸಿಯಲ್ಲಿ ಕಾರು ನಿಲ್ಲಿಸಿ ತೋರಿಸಿದೆ. "ಶಂಕ್ರಪ್ಪ ಸೊಸಿಗೆ ಹೆದರ್ಯಾನ" ಅಂದರು. ಹೌದು ಅಂದೆ. ಸಿದ್ದಾಪುರದಲ್ಲಿ ಯಾರಿಗೂ ಆ ಮಾತು ನೆನಪೇ ಇರಲಿಲ್ಲ, "ಯಾವ ಸೊಸೆ? ಎಂತ ದೀಪ?" ಅಂದರು. ಅದು ನನಗೆ ಹೆಚ್ಚು ಚುಚ್ಚಿತು. ನಕ್ಕವರು ಅಂದೇ ಮರೆತಿದ್ದರು. ಹೊತ್ತುಕೊಂಡು ತವರಿಗೆ ಹೋದವಳು ನೀನೊಬ್ಬಳೇ. ಇವತ್ತು ಯಲ್ಲಾಪುರದ ಚಾದ ಅಂಗಡಿಯಲ್ಲಿ ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿ ಕಾರಿನ ಹತ್ತಿರ ಕರೆದುಕೊಂಡು ಹೋದೆ. ಸೊಪ್ಪಿನ ಹೊರೆಯ ವಿಷಯವನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಇನ್ನು ಇಲ್ಲಿಂದ ನಂದೊಳ್ಳಿಗೆ ಬರುತ್ತೇನೆ. ನಿನ್ನ ಅಪ್ಪನ ಎದುರು ನಿಂತು, ತಪ್ಪಾಯಿತು ಬೀಗರೆ ಅಂತ ಬಾಯಿಂದಲೇ ಹೇಳುತ್ತೇನೆ, ಅದನ್ನು ಕಾಗದದಲ್ಲಿ ತೀರಿಸುವುದಿಲ್ಲ. ನಿನ್ನ ಎದುರು ನಿಲ್ಲಲು ಮಾತ್ರ ಮುಖವಿಲ್ಲ. ನನ್ನನ್ನು ನೋಡಿದರೆ ನೀನು ಅಭ್ಯಾಸಕ್ಕೆ ಬಿದ್ದು ಚಾ ಇಡಲು ಎದ್ದುಬಿಡುತ್ತೀ, ಅದು ಬೇಡ. ಕಾರು ನಿಮ್ಮ ಅಂಗಳದಲ್ಲಿ ನಿಲ್ಲಿಸಿ, ಕೀಲಿ ಮತ್ತು ಈ ಕಾಗದ ಪವನ್ ಕೈಗೆ ಕೊಟ್ಟು, ಬಸ್ಸು ಹಿಡಿದು ಹೋಗುತ್ತೇನೆ.

ಬರಲೇಬೇಕು ಅಂತ ಇಲ್ಲ. ಬರಬೇಕು ಅನಿಸುವವರೆಗೆ ಕಾರು ಅಲ್ಲೇ ಇರಲಿ, ನೀನೇ ಓಡಿಸು. ಎರಡನೇ ಗೇರು ಸ್ವಲ್ಪ ಹಟ ಮಾಡುತ್ತದೆ, ಒತ್ತಾಯ ಮಾಡಿದರೆ ಬೀಳುವುದಿಲ್ಲ, ಮೆಲ್ಲಗೆ ಹಾಕು. ಮೆಣಸಿನಕಾಯಿ ಚೀಲ ಇಳಿಸಿಕೊಂಡು ಹೋಗುತ್ತೇನೆ, ಘಾಟು ಮಾತ್ರ ಉಳಿದಿರುತ್ತದೆ, ಕಿಟಕಿ ತೆರೆದಿಡು. ಬರುವ ಮನಸ್ಸಾದರೆ ಹಗಲಲ್ಲೇ ಹೊರಡು, ಎಡಗಡೆ ದೀಪ ಇನ್ನೂ ಮಸುಕೇ ಇದೆ. ಇಸಳೂರಿನ ನಮ್ಮ ಓಣಿಗೆ ತಿರುಗುವಾಗ ಜೋರಾಗಿ ಹಾರ್ನ್ ಹೊಡಿ. ಕಲ್ಲಯ್ಯನೂ ಹೊರಗೆ ಬರಲಿ, ಬಸ್ಸಿಗೆ ಹೋಗುವ ಹೆಣ್ಣುಮಕ್ಕಳೂ ನಿಂತು ನೋಡಲಿ. ಯಾರಾದರೂ ಕೇಳಿದರೆ, ಅಪ್ಪನ ಮನೀಂದ ತಂದ ಕಾರು ಅಂತ ಹೇಳು. ಗೇಟು ತೆಗೆದು ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಕೊನೆಗೆ ಇಟ್ಟುಕೊಂಡಿದ್ದ ಆಶೀರ್ವಾದ ಇದು: ನೀನು ಹಿಡಿದ ಕೆಲಸಕ್ಕೆ ಅರ್ಧದಲ್ಲಿ ಯಾರೂ ಅಡ್ಡ ಬಾರದಿರಲಿ. ನನ್ನಿಂದ ತೆಗೆದುಕೊಳ್ಳಬಹುದು ಅನಿಸಿದರೆ ತಗೋ, ತಾಯಿ.

ನಿನ್ನ ಮಾವ ಅನ್ನಿಸಿಕೊಳ್ಳಲು ಕಾದಿರುವ
ಶಂಕ್ರಪ್ಪ