ತಾರಸಿಯ ಮೇಲಿನ ಕೆಂಪು ಚುಕ್ಕೆ

ಬಂದರು ಬೀದಿಯ ಮನೆ
ಮಂಗಳವಾರ, ಮಾರ್ಚ್ ಹನ್ನೆರಡು

ಪ್ರೀತಿಯ ಪುಟ್ಟೀ,

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂತ ಡಾಕ್ಟರು ಹೇಳಿದರೂ ನೀನು ಹತ್ತುತ್ತೀಯ, ಅಮ್ಮನ ಮಗಳಲ್ಲವೇ. ಅಳಿಯಂದಿರ ಕೆಮ್ಮು ನಿಂತಿತೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹಲ್ಲು ಎರಡು ಹೋದವು, ಬೈಯಲು ಅಡ್ಡಿಯಿಲ್ಲ.

ಬೈಯಲು ಕಾರಣವೂ ಸಿಕ್ಕಿದೆ. ನಮ್ಮ ಮಹಡಿ ಕೋಣೆಯಲ್ಲಿ ಮೂರು ತಿಂಗಳಿದ್ದ ಗಡ್ಡದವನು ನೆನಪಿದ್ದಾನಲ್ಲ, ನಿನಗಾಗ ಆರು ವರ್ಷ. ಹೋಗುವಾಗ ತಾನು ಬರೆದ ನಮ್ಮೂರಿನ ಬಂದರಿನ ಚಿತ್ರವೊಂದನ್ನು ಬಿಟ್ಟುಹೋದ. ಅಡುಗೆಮನೆ ಗೋಡೆಯ ತೇವದ ಕಲೆ ಮುಚ್ಚಲು ಅದನ್ನೇ ನೇತುಹಾಕಿದೆವು. ಆಮೇಲೆ ಅವನು ಜಗತ್ಪ್ರಸಿದ್ಧನಾದ, ಹೋದ ವರ್ಷ ಸತ್ತ, ಸತ್ತ ಮೇಲೆ ಇನ್ನೂ ದೊಡ್ಡವನಾದ. ನಿನ್ನೆ ಮ್ಯೂಸಿಯಂನಿಂದ ಇಬ್ಬರು ಬಂದಿದ್ದರು, ಒಬ್ಬರು ಕನ್ನಡಕದ ಮೇಡಂ, ಇನ್ನೊಬ್ಬರು ಅವರು ಹೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆಯಾಡಿಸುವ ಬೊಕ್ಕತಲೆ. ಇದು ಅವನ ಅರ್ಲಿ ಪೀರಿಯಡ್, ಅಂದರೆ ಮೊದಮೊದಲ ಕಾಲದ್ದು ಅಂತೆ. ನಮ್ಮ ಕಾಲೇಜಿನಲ್ಲಿ ಅರ್ಲಿ ಪೀರಿಯಡ್ ಅಂದರೆ ಬೆಳಗಿನ ಮೊದಲ ಕ್ಲಾಸು, ಅದರಲ್ಲಿ ನಾನು ನಿದ್ದೆ ಹೊಡೆಯುತ್ತಿದ್ದೆ. ಇವನೂ ನಿದ್ದೆಗಣ್ಣಿನಲ್ಲೇ ಬರೆದಿರಬೇಕು.

ಮೂವತ್ತು ವರ್ಷ ದೋಣಿಗಳಿಗೆ ನಂಬರು ಬರೆದವನು ನಾನು. ಲಂಗರು ಹಾಕಿದ ದೋಣಿ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ ಅಂತ ಕುರುಡನಿಗೂ ಗೊತ್ತು. ಇವನ ಚಿತ್ರದಲ್ಲಿ ಮನೆಗಳ ಹೊಗೆ ಗಾಳಿಗೆ ಹೋಗುವ ಕಡೆಗೇ ದೋಣಿಗಳ ಮೂತಿಯೂ ಇದೆ. ಸಮುದ್ರವೋ, ಪಾತ್ರೆ ತೊಳೆದ ನೀರು. ದೀಪಸ್ತಂಭ ಕುಡಿದವನ ಹಾಗೆ ವಾಲಿದೆ, ಅದು ಪರ್ಸ್ಪೆಕ್ಟಿವ್ ಅಂತೆ. ಟೈಮ್ ಅಂಡ್ ಟೈಡ್ ವೇಟ್ ಫಾರ್... ಮುಂದಿನದು ಮರೆತೆ, ಕಾಲವೂ ಕಡಲಿನ ಉಬ್ಬರವೂ ಯಾರಿಗೂ ಕಾಯುವುದಿಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇವನ ಅಲೆಗಳು ಮಾತ್ರ ಬಸ್ಸಿಗೆ ಕಾದ ಹಾಗೆ ನಿಂತಿವೆ.

ಅಮ್ಮ ಅವನಿಗೆ ಮೂರು ತಿಂಗಳು ಬೇಯಿಸಿ ಹಾಕಿದಳು. ಮಧ್ಯಾಹ್ನ ಊಟ ಸಿದ್ಧವಾದರೆ ಕೆಂಪು ಶಾಲು ಹೊದ್ದು ತಾರಸಿಯ ಮೇಲೆ ನಿಲ್ಲುತ್ತಿದ್ದಳಲ್ಲ, ಬಂದರಿನಿಂದ ಅದು ಕಂಡರೆ ನಾನು ಬ್ರಷ್ ಇಟ್ಟು ಮನೆಗೆ ಬರುತ್ತಿದ್ದೆ. ಮಹಾಶಯ ತಾರಸಿ ಬರೆದ, ಒಣಹಾಕಿದ ಬಟ್ಟೆ ಬರೆದ, ಅವಳನ್ನು ಬಿಟ್ಟ. ಯಾಕಪ್ಪಾ ಅಂತ ಕೇಳಿದರೆ, "ಅವರು ಬಂದರೆ ಕಾಂಪೊಸಿಷನ್ ಕೆಡುತ್ತೆ ಸಾರ್" ಅಂದ. ಅವಳು ನಕ್ಕು ಇನ್ನೊಂದು ಸೌಟು ಬಡಿಸಿದಳು. ನಾನಾಗಿದ್ದರೆ ಸೌಟಿಗೆ ಬೇರೆ ಕೆಲಸ ಕೊಡುತ್ತಿದ್ದೆ.

ಮೇಡಂಗೆ ದೋಣಿಯೂ ಬೇಡ, ಸಮುದ್ರವೂ ಬೇಡ. ತಾರಸಿಯ ಮೇಲಿನ ಕೆಂಪು ಚುಕ್ಕೆಯ ಮುಂದೆ ಅರ್ಧ ಗಂಟೆ ನಿಂತು, "ಆತ ಕಲಾವಿದನಾದದ್ದು ಇಲ್ಲಿ" ಅಂದರು. ಬೊಕ್ಕತಲೆ ಆಡಿತು. ಶುಕ್ರವಾರ ಚಿತ್ರ ಒಯ್ಯುತ್ತಾರೆ.

ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಚಿವುಟು. ಎಲ್ಲರೂ ಬೆಚ್ಚಗಿರಿ.

ಎರಡು ಹಲ್ಲು ಕಡಿಮೆಯಾದ
ನಿನ್ನ ಅಪ್ಪ

ತಾ.ಕ.: ಮೇಡಂ ನಿನಗೂ ಫೋನ್ ಮಾಡುತ್ತಾರೆ, ಅದಕ್ಕೇ ಈ ಕಾಗದ. ಚಿತ್ರಕ್ಕೆ ಬೇರೆಯವರು ಬಣ್ಣ ಹಚ್ಚಿದ್ದಾರೆಯೇ ಅಂತ ನನ್ನನ್ನು ಎರಡು ಸಲ ಕೇಳಿದರು. ಹಚ್ಚಿದ್ದರೆ ಅದನ್ನು ಒರೆಸಿ ತೆಗೆಯುತ್ತಾರಂತೆ. ಧೂಳು ಒರೆಸುವ ಬಟ್ಟೆ ಬಿಟ್ಟು ಬೇರೇನೂ ತಾಗಿಲ್ಲ ಅಂದೆ. ಅವನು ಹೋದ ಮಾರನೇ ದಿನ, ನಂಬರು ಬರೆಯುವ ಕೆಂಪು ಬಣ್ಣದಲ್ಲಿ ನಾನು ಅಮ್ಮನನ್ನು ಅಲ್ಲಿ ನಿಲ್ಲಿಸುವಾಗ ಡಬ್ಬಿ ಹಿಡಿದವಳು ನೀನು. ಆ ಪಂಡಿತರ ಮುಖಕ್ಕೆ ಹೇಳಿ ನಗಬೇಕೆಂದು ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನೀನೂ ನುಂಗಿಕೋ. ಮ್ಯೂಸಿಯಂನ ಗೋಡೆಗೆ ತೇವವಿಲ್ಲವಂತೆ.