ನಿಂಗಪ್ಪ ಕಾಕಾನ ಬಗ್ಗೆ ಒಂದು ಒಳ್ಳೇ ಮಾತು

ಅಪ್ಪಾ,

ಮೊದಲಿಗೆ ಸಾರಿ. ತೀರಿಕೊಂಡವರಿಗೆ ಪತ್ರ ಬರೆಯುವುದು ಹುಚ್ಚುತನ ಅಂತ ನನಗೂ ಗೊತ್ತು. ಅದರ ಮೇಲೆ ನನ್ನ ಕನ್ನಡ ಬೇರೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳದು ಅರ್ಧ ಇಂಗ್ಲಿಷು, ಉಳಿದದ್ದು ಪಠ್ಯಪುಸ್ತಕದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಇಲ್ಲಿ ರೂಂಮೇಟಿಗೆ ಹೇಳಿದರೆ ಸಂಜೆಯೊಳಗೆ ಇಡೀ ಫ್ಲೋರಿಗೆ ಗೊತ್ತಾಗುತ್ತದೆ. ಅವ್ವನ ಹತ್ತಿರ ಹೇಳಿಕೊಳ್ಳೋಣವೆಂದರೆ ವಿಷಯವೇ ಅವ್ವನದು. ಉಳಿದದ್ದು ನೀನು.

ನೆನಪಿದೆಯಾ, ರಜೆಗೆ ಬಂದಾಗಲೆಲ್ಲ ನಾನು ಯಾರನ್ನಾದರೂ ಬೈಯುತ್ತಲೇ ಊಟಕ್ಕೆ ಕೂರುತ್ತಿದ್ದೆ. ವಾರ್ಡನ್, ಮ್ಯಾತ್ಸ್ ಮಿಸ್, ನನ್ನ ಬಕೆಟ್ ಎತ್ತಿಕೊಂಡು ಹೋಗುವ ಹುಡುಗಿ. ನೀನು ರೊಟ್ಟಿಯ ಬುಟ್ಟಿಯನ್ನು ನಿನ್ನ ಕಡೆಗೆ ಎಳೆದುಕೊಂಡುಬಿಡುತ್ತಿದ್ದೆ. "ಬೈದ್ಯಲ್ಲ, ಈಗ ಆಕಿ ಬಗ್ಗೆ ಒಂದು ಒಳ್ಳೇ ಮಾತು ಹೇಳು. ಆಮ್ಯಾಲೆ ರೊಟ್ಟಿ." ಒಮ್ಮೆ ನಾನು, "ವಾರ್ಡನ್ ನಿದ್ದಿ ಮಾಡುವಾಗ ಭಾಳ ಚೊಲೋ ಅದಾಳ" ಅಂದಿದ್ದೆ. ನೀನು ನಕ್ಕು ಅರ್ಧ ರೊಟ್ಟಿ ಮುರಿದು ಕೊಟ್ಟಿದ್ದೆ. ಅವ್ವ ಒಲೆಯ ಮುಂದಿನಿಂದಲೇ, "ಉಣ್ಣಾಕ ಕೊಡ್ರೀ ಮೊದ್ಲು, ಉಪದೇಶ ಆಮ್ಯಾಗಾತು" ಎಂದು ಗದರುತ್ತಿದ್ದಳು.

ನಿಂಗಪ್ಪ ಕಾಕಾನ ವಿಷಯದಲ್ಲಿ ಮಾತ್ರ ನಾನು ಹಸಿದುಕೊಂಡೇ ಎದ್ದು ಹೋದದ್ದುಂಟು. ನೀನು ಓಡಿಸುತ್ತಿದ್ದ ಕೊಟ್ಟೂರು ಬಸ್ಸಿಗೆ ಅವನು ಕಂಡಕ್ಟರ್. ಬಾಯಿ ತುಂಬ ಗುಟ್ಕಾ, ಬಾಯಿ ಖಾಲಿಯಾದರೆ ಬೈಗುಳ. ಬದನೆಕಾಯಿ ಬುಟ್ಟಿ ಹೊತ್ತು ಹತ್ತಿದ ಮುದುಕಿಗೆ, "ಯವ್ವಾ, ಬಸ್ಸೇನು ನಿನ್ನ ಹೊಲಾ ಅಂತ ತಿಳ್ಕೊಂಡೀಯೇನು?" ಎಂದು ಅವನು ಕೂಗಿದ ದಿನ ನನಗೆ ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಅವನಲ್ಲಿ ಏನು ಒಳ್ಳೆಯದಿತ್ತಪ್ಪಾ? ಕೇಳಿದರೆ ನೀನು, "ಹುಡುಕು, ಸಿಗತೈತಿ" ಎಂದಷ್ಟೇ ಹೇಳುತ್ತಿದ್ದೆ.

ದೊಡ್ಡಪ್ಪನ ವಿಷಯದಲ್ಲಿ ನೀನು ಹುಡುಕಲೂ ಬಿಡುತ್ತಿರಲಿಲ್ಲ. "ನಮ್ಮಣ್ಣನ ಮನಸು ಬೆಣ್ಣಿ" ಎಂದು ನೀನೇ ಹೇಳಿ ಮುಗಿಸುತ್ತಿದ್ದೆ. ಆ ಬೆಣ್ಣೆ ಹೇಗಿತ್ತು ಅಂತ ಹೇಳಲಾ? ಕಳೆದ ವರ್ಷ ನೀನು ಎದೆ ಹಿಡಿದುಕೊಂಡು ಹೋದ ಮೇಲೆ, ಅವರ ಮಗಳ ಕುಬಸಕ್ಕೆ ಅವ್ವನನ್ನು ಕರೆಸಿದರು. ಬೆಳಗಿನಿಂದ ಹೋಳಿಗೆ ಮಾಡಿಸಿದರು. ಬಸುರಿಗೆ ಉಡಿ ತುಂಬಲು ಹೆಂಗಸರೆಲ್ಲ ನಡುಮನೆಗೆ ಹೊರಟಾಗ ಅವ್ವನೂ ಕೈ ತೊಳೆದುಕೊಂಡು ಎದ್ದಳು. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು, "ನೀ ಇಲ್ಲೇ ಇರವ್ವ, ಹೋಳಿಗಿ ಹೊತ್ತತಾವ" ಎಂದಳು. ಒಲೆ ಆರಿಸಿ ಆಗಿತ್ತಪ್ಪಾ. ದೊಡ್ಡಪ್ಪ ಅಲ್ಲೇ ಇದ್ದ. ನೋಡಿ ಸುಮ್ಮನೆ ಆಚೆ ಹೋದ. ಅವ್ವ ಆರಿದ ಒಲೆಯ ಮುಂದೆ ಕೂತಳು. ಅವತ್ತು ನಾನು ಯಾರ ಬಗ್ಗೆ ಒಳ್ಳೇ ಮಾತು ಹೇಳಬೇಕಿತ್ತು?

ಹೋದ ವಾರ ಅವ್ವ ಹಾಸ್ಟೆಲ್ಲಿಗೆ ಬಂದಿದ್ದಳು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ನೆಲ ನೋಡುತ್ತಾ ಹೇಳಿದಳು.

"ನಿಂಗಪ್ಪ ಕೇಳ್ಯಾನ. ಉಡಿಕಿ ಮಾಡ್ಕೊಳ್ಳೋಣು ಅಂತ."

"ಅವ್ವಾ, ಆ ಗುಟ್ಕಾ ಕಂಡಕ್ಟರಾ?"

"ಹೆಂಡ್ತಿ ಸತ್ತು ಭಾಳ ವರ್ಷ ಆತು ಅವಂಗ. ನಂಗೂ ಒಬ್ಬಾಕೀನ ಕುಂತು ಉಂಡು ಉಂಡು ನಾಲಗಿ ಸತ್ತೈತಿ ನೋಡವ್ವ. ನೀ ಹ್ಞೂಂ ಅಂದ್ರ ಹ್ಞೂಂ. ಬ್ಯಾಡ ಅಂದ್ರ ಈ ಮಾತು ಇಲ್ಲೇ ಸತ್ತಂಗ."

ಉಡಿಕೆ ಅಂದರೆ ಏನಂತ ನನಗೂ ಗೊತ್ತಿದೆ. ಬಾಜಾ ಇಲ್ಲ, ಬಾಸಿಂಗ ಇಲ್ಲ. ಗಂಡ ಸತ್ತವಳಿಗೆ ಇನ್ನೊಬ್ಬ ಒಂದು ಸೀರೆ ಉಡಿಸಿ ಮನೆಗೆ ಕರೆದುಕೊಂಡು ಹೋಗುವುದು. ಮುತ್ತೈದೆಯರು ಯಾರೂ ಎದುರಿಗೆ ನಿಲ್ಲುವುದಿಲ್ಲ. ಊರಲ್ಲಿ ಯಾರು ಕಿವಿಗೆ ಹಾಕಿದರೋ, ಮರುದಿನವೇ ದೊಡ್ಡಪ್ಪ ಫೋನ್ ಮಾಡಿದ. "ಹಂಗೇನರ ಆತಂದ್ರ ನನ್ನ ತಮ್ಮನ ಫೋಟೋ ನಾ ತಗೊಂಡು ಹೋಗ್ತೀನಿ. ನೀವಿಬ್ರೂ ಮತ್ತ ನಮ್ಮ ಹೊಸ್ತಿಲ ತುಳಿಬ್ಯಾಡ್ರಿ." ಎದುರು ಮಾತಾಡುವಷ್ಟು ಧೈರ್ಯ ನನಗೆ ಯಾವಾಗ ಇತ್ತು?

ಭಾನುವಾರ ಹರಪನಹಳ್ಳಿಯ ಹಾಸ್ಟೆಲ್ಲಿನಿಂದ ಕೊಟ್ಟೂರಿಗೆ ಬಂದು ನಿನ್ನ ಬಸ್ಸು ಹತ್ತಿದೆ. ಕಾಕಾನನ್ನು ಬೈಯಬೇಕೆಂದೇ ಹತ್ತಿದ್ದು. ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವನು ನನ್ನ ಮುಂದೆ ಬಂದು ಕೈ ಚಾಚಿದ. "ಆಧಾರ್."

"ನಾನು ಯಾರಂತ ಗೊತ್ತಿಲ್ವಾ ಕಾಕಾ?"

"ಗೊತ್ತೈತಿ. ಆಧಾರ್ ತೋರ್ಸು. ಹೆಣ್ಮಕ್ಕಳಿಗೆ ಬಿಟ್ಟಿ ಅಂದ್ರ ಮುಖಾ ನೋಡಿ ಟಿಕೆಟ್ ಹರಿತಾರೇನು?"

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನು ಕಾರ್ಡು ತೋರಿಸಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಮುಂದೆ ಒಂದು ಹಳ್ಳಿಯ ಸ್ಟಾಪಿನಲ್ಲಿ ಜನ ಇಳಿದ ಮೇಲೆ ಅವನು ಬಾಗಿಲು ಎಳೆದು, ತಗಡಿಗೆ ಬಡಿದು ಕೂಗಿದ:

"ಈರ್ಯಾ, ರೈಟ್!"

ಸ್ಟೀರಿಂಗ್ ಹಿಡಿದಿದ್ದ ಹುಡುಗ ಹಿಂದೆ ತಿರುಗದೆಯೇ, "ಕಾಕಾ, ನಾ ಮಂಜಾ ಅದೀನಿ. ಇನ್ನಾ ಎಷ್ಟು ದಿನಾ ಹೇಳ್ಲಿ?" ಎಂದ. ಬೇಸರದಿಂದಲ್ಲ, ಅಭ್ಯಾಸವಾದವರ ಹಾಗೆ. ಕಾಕಾ ನನ್ನ ಕಡೆ ನೋಡಿದ. ತಕ್ಷಣ ತಿರುಗಿ ಯಾರದೋ ಚೀಲವನ್ನು ಒದ್ದು, "ದಾರ್ಯಾಗ ಇಟ್ಟೋರು ಯಾರ್ರೀ ಇದನ್ನ?" ಎಂದು ಅರಚಿದ.

ನಿನ್ನ ಹೆಸರನ್ನು ಹಾಗೆ ಯಾರಾದರೂ ಕೂಗಿದ್ದು ಕೇಳಿ ಎಷ್ಟು ದಿನವಾಗಿತ್ತು! ನಮ್ಮ ಮನೆಯಲ್ಲಿ ನೀನೀಗ ಬರೀ "ಅವರು".

ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ಇಳಿದವಳು ಅಲ್ಲೇ ನಿಂತೆ. ಕಾಕಾ ಚಹಾ ತಂದು ಕೊಟ್ಟ. ನಾನು ನೇರವಾಗಿ ಕೇಳಿಬಿಟ್ಟೆ, ನಮ್ಮವ್ವನೇ ಯಾಕೆ ಅಂತ.

"ನಿಮ್ಮವ್ವ ನನ್ನ ಬೈತಾಳ. ಈಗ ನನ್ನ ಬೈಯೋರು ಆಕಿ ಒಬ್ಬಾಕೀನ. ಮೊದ್ಲು ನಿಮ್ಮಪ್ಪ ಬೈತಿದ್ದ."

"ನಮ್ಮಪ್ಪ ಯಾರನ್ನೂ ಬೈತಿರಲಿಲ್ಲ."

"ಯಾರು, ಈರ್ಯಾ?" ಕಾಕಾ ಬಾಯಲ್ಲಿದ್ದುದನ್ನು ಉಗುಳಿ ಜೋರಾಗಿ ನಕ್ಕ. "ಯಪ್ಪಾ! ಡಿಪೋ ಬಿಟ್ರ ಶುರು. ನಿಮ್ಮ ದೊಡ್ಡಪ್ಪನ್ನ ಬೈದ್ರ ಎಂಜಿನ್ ಸಪ್ಪಳ ಕೇಳ್ತಿದ್ದಿಲ್ಲ. ಎಲ್ಲಾ ಬೈದು ಮುಗಿಸಿ, ಮುಖಾ ತೊಳ್ಕೊಂಡು ಮನಿಗಿ ಹೋಗ್ತಿದ್ದ. 'ಮಗಳು ಬಂದಾಳಲೇ, ಇನ್ನ ಸಾಕು' ಅಂತಿದ್ದ."

ಇದನ್ನು ನನಗೆ ಯಾಕೆ ಹೇಳಲಿಲ್ಲಪ್ಪಾ? ನಿನಗೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ, ನನಗೆ ಮಾತ್ರ ಕಾಣುವುದಿಲ್ಲ, ನನ್ನ ಕಣ್ಣೇ ಕೆಟ್ಟದ್ದು ಎಂದುಕೊಂಡು ಬೆಳೆದೆ ನಾನು. ಹಾಸ್ಟೆಲ್ಲಿನ ಮಂಚದಲ್ಲಿ ಬೆಡ್‌ಶೀಟ್ ಹೊದ್ದು, ಬೈದ ಹುಡುಗಿಯರ ಬಗ್ಗೆ ಒಂದೊಂದು ಒಳ್ಳೇ ಮಾತು ಹುಡುಕುತ್ತಾ ಅತ್ತಿದ್ದೇನೆ. ನಿನಗೂ ಸಿಟ್ಟು ಬರುತ್ತಿತ್ತು, ನಿನಗೂ ಅದು ಕಷ್ಟವಾಗುತ್ತಿತ್ತು ಅಂತ ಒಂದೇ ಒಂದು ಸಲ ಹೇಳಿದ್ದರೆ... ಬೈಯುವ ಈರ್ಯಾನನ್ನು ಪೂರಾ ಕಾಕಾನೊಬ್ಬನಿಗೇ ಕೊಟ್ಟುಬಿಟ್ಟೆಯಲ್ಲ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು, ಗೊತ್ತಾ?

ದೊಡ್ಡಪ್ಪನಲ್ಲಿ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ನಿಜ ಹೇಳಬೇಕೆಂದರೆ ಹುಡುಕುತ್ತಲೂ ಇಲ್ಲ. ಕಾಕಾನಲ್ಲಿ ಸಿಕ್ಕಿದೆ, ಸಿಗದೇ ಇದ್ದರೆ ಚೆನ್ನಾಗಿತ್ತು. ಬೇಡ ಅನ್ನುವುದು ಎಷ್ಟು ಸುಲಭವಾಗುತ್ತಿತ್ತು.

ಅವ್ವ ಬರುವ ಭಾನುವಾರ ಮತ್ತೆ ಬರುತ್ತಾಳೆ. ನಾನು ಹ್ಞೂಂ ಅನ್ನುವವಳಿದ್ದೇನೆ. ಖುಷಿಯಿಂದಲ್ಲ. ಅವ್ವನನ್ನು ಆ ಒಲೆಯ ಮುಂದೆ ಇನ್ನೊಮ್ಮೆ ನೋಡಲಾರೆ, ಅದಕ್ಕೆ. ನಿನ್ನ ಫೋಟೋ ದೊಡ್ಡಪ್ಪ ಒಯ್ದರೆ ಒಯ್ಯಲಿ, ನನ್ನ ಫೋನಿನಲ್ಲಿ ಇನ್ನೊಂದಿದೆ. ನಿನಗೆ ಇದು ಬೇಡವಾದರೆ ಭಾನುವಾರದೊಳಗೆ ಹೇಳಿಬಿಡು. ದಯವಿಟ್ಟು ಬೇಗ ಉತ್ತರ ಬರಿ.